ನಮ್ಮ ಮನೆಯ ಗಾಲ್ಫ್ ಕಂಪನಿ

ಪ್ರತಿಯೊಂದು ಮನೆಯಲ್ಲೂ ಯಾರೂ ಕರೆಯದೆ ಬಂದು, ಯಾರೂ ಹೇಳದೆ ಉಳಿದುಕೊಂಡ ಒಂದು ವಸ್ತು ಇರುತ್ತದೆ. ಕೆಲವರ ಮನೆಯಲ್ಲಿ ಅದು ಯಾರಿಗೂ ಬಾರಿಸಲು ಬಾರದ ಹಾರ್ಮೋನಿಯಂ. ಕೆಲವರ ಮನೆಯಲ್ಲಿ ಅಜ್ಜನ ಕಾಲದ ಗೋಡೆ ಗಡಿಯಾರ; ಅದು ತನಗೆ ಮನಸ್ಸು ಬಂದಾಗ ಗಂಟೆ ಹೊಡೆಯುತ್ತದೆ, ಮನೆಯವರು ಆಗ ಊಟಕ್ಕೆ ಕೂಡುತ್ತಾರೆ. ನನ್ನ ಗೆಳೆಯನೊಬ್ಬನ ಮನೆಯಲ್ಲಿ ಅದು ಅವನ ಸೋದರಮಾವ. ನಮ್ಮ ಮನೆಯಲ್ಲಿ ಅದು ಗಾಲ್ಫ್ ಆಡುವ ಕೋಲುಗಳ ಒಂದು ಚರ್ಮದ ಚೀಲ. ಬೆಟಗೇರಿಯ ನೇಕಾರರ ಓಣಿಯಲ್ಲಿ, ಹಗಲೆಲ್ಲ ಮಗ್ಗದ ಸಪ್ಪಳ ಕೇಳುವ ಎರಡು ಕೋಣೆಯ ಮನೆಯಲ್ಲಿ, ಗಾಲ್ಫ್ ಚೀಲಕ್ಕೇನು ಕೆಲಸ ಎಂದು ನೀವು ಕೇಳಬಹುದು. ನನ್ನ ಅವ್ವನೂ ಅದನ್ನೇ ಕೇಳುತ್ತಿದ್ದಳು, ದಿನಾ ಕಸ ಗುಡಿಸುವಾಗ.

ದೇಶಕ್ಕೆ ಸ್ವಾತಂತ್ರ್ಯ ಬಂದಾಗ ನಾನು ಗದಗಿನಲ್ಲಿ ಹತ್ತಿ ಕೊಳ್ಳುವ ಒಂದು ವಿಲಾಯತಿ ಕಂಪನಿಯ ಗುಮಾಸ್ತನಾಗಿದ್ದೆ. ನಮ್ಮ ಸಾಹೇಬ ಊರಿಗೆ ಹೊರಡುವ ಮುನ್ನಾದಿನ ಬಂಗಲೆಯ ಸಾಮಾನನ್ನೆಲ್ಲ ಅಂಗಳದಲ್ಲಿ ಇಡಿಸಿ, ನಮ್ಮನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರಿಗೆ ಒಂದೊಂದು ಕೊಟ್ಟ. ಹೆಡ್ ಕ್ಲಾರ್ಕರಿಗೆ ಆರಾಮ ಕುರ್ಚಿ ಬಂತು. ಸಿಪಾಯಿಗೆ ಒಳ್ಳೆಯ ಕಂದೀಲು ಬಂತು. ಅಡಿಗೆಯವನಿಗೆ ಪಿಂಗಾಣಿ ಬಸಿ ಬಂದವು. ನಾನು ಸಾಲಿನಲ್ಲಿ ನಿಂತವನು, ಬಂಗಲೆಯ ಬೇವಿನ ಮರದಲ್ಲಿ ಗಿಳಿಗಳು ಹೊಸ ಸರಕಾರದ ಬಗ್ಗೆ ಏನು ಮಾತಾಡಿಕೊಳ್ಳುತ್ತಿರಬಹುದು ಎಂದು ಯೋಚಿಸುತ್ತ ಮೈಮರೆತುಬಿಟ್ಟೆ. ಎಚ್ಚರಾಗುವಷ್ಟರಲ್ಲಿ ಉಳಿದಿದ್ದದ್ದು ಈ ಚೀಲ ಒಂದೇ. ಟಾಂಗಾದಲ್ಲಿ ಅದನ್ನು ಎದುರಿಗೆ ಕೂಡಿಸಿಕೊಂಡು ಮನೆಗೆ ತಂದೆ.

ಬಾಗಿಲಲ್ಲಿ ನಿಂತ ನನ್ನ ಹೆಂಡತಿ ಶಾಂತವ್ವ ಚೀಲದೊಳಗೆ ಇಣುಕಿ, "ಇಷ್ಟೊಂದು ಬಡಿಗಿ ಯಾಕ ತಂದೀರಿ? ನಮ್ಮ ಮನ್ಯಾಗ ದನಾನೂ ಇಲ್ಲ, ಜಗಳಾನೂ ಇಲ್ಲ" ಅಂದಳು.

"ಸ್ವಾತಂತ್ರ್ಯದಾಗ ನಮಗ ಬಂದ ಪಾಲು ಇದು" ಎಂದೆ.

ಪಾಲಿಗೆ ಬಂದದ್ದು ಪಂಚಾಮೃತ ಅನ್ನುವ ಜಾತಿಯವಳು ಅವ್ವ. ಕಬ್ಬಿಣದ ತಲೆಯ ಕೋಲಿನಿಂದ ಒಲೆಯ ಕೆಂಡ ಮುಂದಕ್ಕೆ ಎಳೆಯತೊಡಗಿದಳು. ಉದ್ದನೆಯದೊಂದು ಅಟ್ಟದ ಮೇಲಿನ ಹಪ್ಪಳದ ಡಬ್ಬಿ ಇಳಿಸಲಿಕ್ಕೆ ಹೇಳಿ ಮಾಡಿಸಿದಂತಿತ್ತು. ಕಟ್ಟಿಗೆಯ ತಲೆಯದರಿಂದ ಶೇಂಗಾ ಕುಟ್ಟಿ ನೋಡಿ, ಸಾಹೇಬರ ಜಾತಿಗೆ ಶೇಂಗಾ ತಿನ್ನುವ ಯೋಗ ಇಲ್ಲವೆಂದು ತೀರ್ಮಾನಿಸಿದಳು. ಚೀಲದ ಕಿಸೆಯಲ್ಲಿದ್ದ ಚೆಂಡುಗಳಲ್ಲಿ ಕೆಲವನ್ನು ಓಣಿಯ ನಾಯಿಗಳು ಒಯ್ದವು, ಒಂದು ಬಾವಿಗೆ ಬಿತ್ತು. ಉಳಿದ ಎರಡನ್ನು ಶಾಂತವ್ವ ಸಾಸಿವೆ ಡಬ್ಬಿಯಲ್ಲಿ ಹಾಕಿಟ್ಟಳು. ಯಾಕೆ ಎಂದು ಕೇಳಿದ್ದಕ್ಕೆ, "ನೋಡಾಕ ಛಂದ ಅದಾವು" ಅಂದಳು. ಅವಳ ಬಾಯಲ್ಲಿ ಅಷ್ಟೊಂದು ಮೆಚ್ಚುಗೆಯ ಮಾತನ್ನು ನಾನು ಮದುವೆಯ ದಿನ ಕೂಡ ಕೇಳಿರಲಿಲ್ಲ.

ಇಲ್ಲಿ ನನ್ನ ಬಗ್ಗೆ ಎರಡು ಮಾತು ಹೇಳಬೇಕು. ನಾನು ಕಣ್ಣು ತೆರೆದುಕೊಂಡೇ ಕನಸು ಕಾಣುವವನು. ಮಧ್ಯಾಹ್ನದ ಹೊತ್ತು ಹತ್ತಿಯ ರಾಶಿಗೆ ಬೆನ್ನು ಹಚ್ಚಿ ಕುಳಿತರೆ ಸಾಕು, ಗಾಳಿಯಲ್ಲಿ ತೇಲುವ ಎಳೆಗಳ ಜೊತೆ ನಾನೂ ಹೊರಟುಬಿಡುತ್ತಿದ್ದೆ. ಆಗ ನಮ್ಮ ಕಡೆ ಎಲ್ಲರೂ ಒಂದಲ್ಲ ಒಂದು ಕನಸಿನಲ್ಲೇ ಇದ್ದರು ಅನ್ನಿ. ಸ್ವಾತಂತ್ರ್ಯಕ್ಕೆ ಮೊದಲು ನಮ್ಮ ಗದಗ ಮುಂಬಯಿ ಸರಕಾರದ್ದು, ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜಿನದು, ಮುಂಡರಗಿಯಿಂದ ಸ್ವಲ್ಪ ಆಚೆ ಹೋದರೆ ನಿಜಾಮನದು. ಬೀಗರ ಊರಿಗೆ ಹೋಗಿ ಹೋಳಿಗೆ ಉಂಡು ಬರುವಷ್ಟರಲ್ಲಿ ಮನುಷ್ಯ ಮೂರು ರಾಜ್ಯ ದಾಟಿರುತ್ತಿದ್ದ. ಸಂಸ್ಥಾನಗಳು ಹೋದ ಮೇಲೆ ಏಕೀಕರಣದ ಮಾತು ಹತ್ತಿತು. ಓಣಿಯ ಕಟ್ಟೆಯ ಮೇಲೆ ನಾನೂ ಕನ್ನಡ ನಾಡನ್ನು ಒಂದುಗೂಡಿಸಿ ಮನೆಗೆ ಬಂದರೆ, ಶಾಂತವ್ವ ನನ್ನ ಎದೆಯ ಕಡೆ ನೋಡಿ, "ನಾಡು ಆಮ್ಯಾಲೆ ಕೂಡಸೀರಂತ, ಮೊದ್ಲ ಅಂಗಿ ಗುಂಡಿ ಸರಿಯಾಗಿ ಕೂಡಸ್ರಿ" ಅನ್ನುತ್ತಿದ್ದಳು. ಮೇಲಿನ ಗುಂಡಿ ಕೆಳಗಿನ ಕಾಜಕ್ಕೆ ಹೋಗಿರುತ್ತಿತ್ತು.

ಆ ದಿನಗಳಲ್ಲೇ ನಮ್ಮ ಕಂಪನಿಗೆ ಅಮೆರಿಕದಿಂದ ಹತ್ತಿಯ ಬೀಜ ಬಿಡಿಸುವ ಯಂತ್ರವೊಂದು ಬಂತು. ಯಂತ್ರದ ಬಿಡಿಭಾಗಗಳು ಒಂದಕ್ಕೊಂದು ಬಡಿಯಬಾರದೆಂದು ಪೆಟ್ಟಿಗೆಯಲ್ಲಿ ಹಳೆಯ ಮಾಸಪತ್ರಿಕೆಗಳನ್ನು ತುರುಕಿದ್ದರು. ನುಣುಪಾದ ದಪ್ಪ ಕಾಗದ. ಕೆಳಗೆ ಹಾಸಲಿಕ್ಕೆ ಆಗುತ್ತದೆಂದು ಒಂದು ಹೊರೆ ಮನೆಗೆ ತಂದೆ. ಶಾಂತವ್ವ ಅವನ್ನು ಕೈಯಿಂದ ತೀಡಿ, ಗೋಡೆಯ ಮಾಡಗಳಲ್ಲಿ ಹಾಸುತ್ತ ಹಾಸುತ್ತ ಒಮ್ಮೆಲೇ ನಿಂತಳು.

"ರೀ, ಇಲ್ಲಿ ಬರ್ರಿ. ಈಕಿ ಕೈಯಾಗ ನಮ್ಮ ಒಲಿ ಬಡಿಗಿ ಐತಿ."

ನಿಜವೇ. ಚಿತ್ರದಲ್ಲಿ ಮೊಣಕಾಲಿನವರೆಗೆ ಲಂಗ ತೊಟ್ಟ ಹೆಂಗಸೊಬ್ಬಳು ನಮ್ಮ ಅವ್ವ ಕೆಂಡ ಎಳೆಯುವಂಥದೇ ಕೋಲನ್ನು ಹೆಗಲ ಮೇಲಿಂದ ಬೀಸಿ ನಿಂತಿದ್ದಳು. ಅವಳ ಕಣ್ಣು ಎಲ್ಲೋ ದೂರದಲ್ಲಿತ್ತು. ಹಿಂದೆ ಜನ ಸಾಲುಗಟ್ಟಿ ನಿಂತು ಅವಳು ನೋಡಿದ ಕಡೆಗೇ ನೋಡುತ್ತಿದ್ದರು. ನಾನು ಚಿತ್ರದ ಕೆಳಗಿನ ಇಂಗ್ಲಿಷನ್ನು ಓದಿ, ಗೊತ್ತಾದಷ್ಟನ್ನು ಹೇಳಿ, ಗೊತ್ತಾಗದ್ದನ್ನು ಕಲ್ಪಿಸಿ ಅವಳಿಗೆ ವಿವರಿಸಿದೆ. ಈ ಆಟವನ್ನು ಆ ದೇಶಗಳಲ್ಲಿ ಹೆಂಗಸರು ಮೊದಲಿನಿಂದಲೂ ಆಡುತ್ತಿದ್ದರಂತೆ. ಆದರೆ ಅದು ಶ್ರೀಮಂತರ ಮನೆಯ ಹೆಣ್ಣುಮಕ್ಕಳ ವಿನೋದ. ಗೆದ್ದರೆ ಬೆಳ್ಳಿಯ ಬಟ್ಟಲು, ಚಪ್ಪಾಳೆ. ಆಟಕ್ಕೆ ದುಡ್ಡು ಮುಟ್ಟಿದಳೋ, ಮರ್ಯಾದಸ್ಥರ ಪಂದ್ಯಗಳಿಂದ ಅವಳು ಹೊರಗೆ. ದುಡ್ಡಿಗಾಗಿ ಆಡುವ ಹೆಂಗಸರು ಮೊದಲು ಒಂದು ಮಂಡಳಿ ಕಟ್ಟಿದರು, ಅದು ಕೆಲವು ವರ್ಷ ಕುಂಟಿ ನಿಂತುಹೋಯಿತು. ಈಗ ಬೆರಳೆಣಿಕೆಯ ಹೆಂಗಸರು ಸೇರಿ ಹೊಸದೊಂದನ್ನು ಕಟ್ಟಿದ್ದಾರೆ. ತಾವೇ ಮೋಟಾರು ನಡೆಸಿಕೊಂಡು ಊರಿಂದೂರಿಗೆ ಹೋಗುತ್ತಾರೆ, ತಾವೇ ಮೈದಾನ ನೋಡಿ ಗುರುತು ಹಾಕುತ್ತಾರೆ, ತಾವೇ ಪಂಚಾಯಿತಿ ಮಾಡಿ ತಂಟೆ ಬಗೆಹರಿಸುತ್ತಾರೆ. ಜನ ಸೇರಲಿ ಎಂದು ಗುದ್ದಾಟದ ಪಂದ್ಯ ನಡೆಯುವಲ್ಲಿಗೆ ಹೋಗಿ, ನಾಳೆ ನಮ್ಮ ಆಟ ಐತಿ ಬನ್ನಿ ಎಂದು ಕೂಗಿ ಕರೆದು ಬರುತ್ತಾರೆ.

ಶಾಂತವ್ವನಿಗೆ ಎಲ್ಲವೂ ಥಟ್ಟನೆ ಅರ್ಥವಾಯಿತು. "ಅಂದ್ರ ನಾಟಕ ಕಂಪನಿ ಇದ್ದಂಗ" ಅಂದಳು. ಗದಗಿನವರಿಗೆ ನಾಟಕ ಕಂಪನಿಯೆಂದರೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಊರಲ್ಲಿ ಕ್ಯಾಂಪು, ಗಾಡಿಯ ಮೇಲೆ ಹಲಗೆ ಬಾರಿಸಿ ಜಾಹೀರಾತು, ಕಲೆಕ್ಷನ್ ಕಡಿಮೆಯಾದರೆ ಗಂಟುಮೂಟೆ ಕಟ್ಟಿ ಮುಂದಿನ ಊರು.

"ಅವರಿಗೆ ರೊಕ್ಕಾ ಕೊಡತಾರ?" ಎಂದಳು ಆಮೇಲೆ, ಮೆತ್ತಗೆ.

"ಗೆದ್ದವರಿಗೆ ಕೊಡತಾರ. ಅದಕ್ಕ ಅವರು ವೃತ್ತಿ ಆಟಗಾರರು. ರೊಕ್ಕಾ ತಗೊಳ್ಳದ ಆಡಿದ್ರ ಹವ್ಯಾಸಿ. ನಾಟಕದಾಗ ಇಲ್ಲೇನು, ವೃತ್ತಿ ಕಂಪನಿ, ಹವ್ಯಾಸಿ ಸಂಘ ಅಂತ?"

"ಹಂಗಾದ್ರ ನಾ ದಿನಾ ರೊಟ್ಟಿ ಬಡೀತೀನಲ್ಲ, ಅದು ಯಾವುದು?"

ಜಾಣ ಗಂಡನಾದವನು ಇಲ್ಲಿ ಕೆಮ್ಮಿ ಎದ್ದುಹೋಗುತ್ತಿದ್ದ. ನಾನು ವ್ಯಾಖ್ಯೆಯ ಹುಮ್ಮಸ್ಸಿನಲ್ಲಿ, "ಲೆಕ್ಕಕ್ಕ ನೋಡಿದ್ರ ಅದು ಹವ್ಯಾಸ" ಅಂದೆ. ಅಂದು ಸಂಜೆ ನಮ್ಮ ಮನೆಯಲ್ಲಿ ಯಾರಿಗೂ ಆ ಹವ್ಯಾಸ ಬರಲಿಲ್ಲ. ಅವ್ವ ಮತ್ತು ನಾನು ಚುರುಮುರಿ ತಿಂದು ಮಲಗಿದೆವು. "ಹೆಂಡತಿಗೆ ಪೇಪರ್ ಓದಿ ಹೇಳೋ ಗಂಡಸರು ಉಪಾಸ ಸಾಯತಾರ" ಎಂದು ಅವ್ವ ಗೋಡೆಗೆ ಹೇಳಿದಳು.

ಶಾಂತವ್ವನ ತವರು ಮುಂಡರಗಿ. ಚಿಕ್ಕವಳಿದ್ದಾಗ ಅಲ್ಲಿ ಅವಳು ಚಿಣಿ-ಪಣಿ ಆಡುವುದರಲ್ಲಿ ಹೆಸರಾದವಳು. ಮೊಳದುದ್ದದ ಕೋಲಿನಿಂದ ಗೇಣುದ್ದದ ಚಿಣಿಯನ್ನು ಎಬ್ಬಿಸಿ, ನೆಲ ಮುಟ್ಟುವ ಮೊದಲು ಬಾರಿಸುವ ಆಟ. ಅವಳು ಹೊಡೆದ ಚಿಣಿ ಹುಡುಕಲು ಹೋದ ಅವಳ ಅಣ್ಣ ಊಟದ ಹೊತ್ತಿಗೆ ಮರಳುತ್ತಿದ್ದನಂತೆ. ಮೈನೆರೆದ ದಿನ ಅವಳಪ್ಪ ಕೋಲನ್ನು ಕಸಿದುಕೊಂಡು ನೀರೊಲೆಗೆ ಹಾಕಿದರು. ಆ ಕೋಲು ಉರಿದ ನೀರಿನಲ್ಲಿ ತಾನೇ ಸ್ನಾನ ಮಾಡಿದೆ ಎಂದು ಅವಳು ನನಗೆ ಒಂದೇ ಸಲ ಹೇಳಿದ್ದಳು, ನಕ್ಕುಕೊಂಡು. ಆ ನಗೆ ನನಗೆ ಅಂದು ಅಷ್ಟಾಗಿ ತಿಳಿದಿರಲಿಲ್ಲ.

ಮರುವಾರ ಅವಳು ಅವ್ವನ ಒಲೆಯಿಂದ ಕೋಲನ್ನು ಬಿಡಿಸಿಕೊಂಡು, ಬೂದಿ ತಿಕ್ಕಿ ತೊಳೆದು, ಊರ ಹೊರಗೆ ನಮ್ಮ ಪಾಲಿನ ಎರೆಹೊಲಕ್ಕೆ ನಡೆದಳು. ಹತ್ತಿ ಬಿಡಿಸಿ ಆಗಿತ್ತು. ಕಚ್ಚೆ ಬಿಗಿದು, ಸೆರಗು ಸಿಕ್ಕಿಸಿ, ಚೆಂಡನ್ನು ಹೆಂಟೆಯ ಮೇಲಿಟ್ಟು ಒಮ್ಮೆ ಬೀಸಿದಳು. ಠಕ್ ಎಂದು ಒಂದು ಸಪ್ಪಳ. ಬಿಳಿಯದೊಂದು ಚುಕ್ಕೆ ಮೇಲಕ್ಕೆ, ಇನ್ನೂ ಮೇಲಕ್ಕೆ ಹೋಗಿ, ನಮ್ಮ ಹೊಲ ಮುಗಿದು ಪಕ್ಕದವರ ಹೊಲದಲ್ಲಿ ಇಳಿಯಿತು. ನಾನು ಬದುವಿನ ಮೇಲೆ ಕುಳಿತವನು ಕೂತೇ ಇದ್ದೆ. ಹತ್ತು ವರ್ಷ ಸಂಸಾರ ಮಾಡಿದ ಹೆಂಗಸು ಅವಳೇ ಹೌದೋ ಅಲ್ಲವೋ ಅನಿಸಿತು.

ತೊಂದರೆ ಬಂದದ್ದು ನೆಲದಿಂದ. ನಮ್ಮ ಎರೆಭೂಮಿ ಮಳೆಗಾಲದಲ್ಲಿ ಕಾಲಿಗೆ ಅಂಟಿಕೊಂಡು ಬಿಡುವುದಿಲ್ಲ, ಬಿಸಿಲು ಬಿದ್ದರೆ ಬಾಯಿ ಬಿಟ್ಟು ಬಿರಿಯುತ್ತದೆ. ಅಮೆರಿಕದವರು ಚೆಂಡನ್ನು ಕುಣಿಗೆ ಬೀಳಿಸಲು ಹೆಣಗುತ್ತಾರೆ. ನಮ್ಮಲ್ಲಿ ಚೆಂಡು ತಾನಾಗಿಯೇ ಬಿರುಕಿಗೆ ಬೀಳುತ್ತದೆ, ಹೆಣಗಾಟವೆಲ್ಲ ಹೊರಗೆ ತೆಗೆಯುವುದಕ್ಕೆ. ಅದಕ್ಕಾಗಿ ಅಡಿಗೆಮನೆಯ ಉದ್ದ ಸೌಟೊಂದು ಚೀಲ ಸೇರಿತು. ಕೊನೆಗೆ ಶಾಂತವ್ವ ಆಟದ ನಿಯಮವನ್ನೇ ತಿರುಗಿಸಿದಳು. "ಅವರ ದೇಶದಾಗ ನೆಲಾ ಗಟ್ಟಿ, ಅದಕ್ಕ ಕುಣಿಗೆ ಹಾಕಿದವರು ಗೆದ್ದಂಗ. ನಮ್ಮ ದೇಶದಾಗ ಕುಣಿಗೆ ಬೀಳಸದಂಗ ಆ ದಂಡಿಗೆ ಮುಟ್ಟಿಸಿದವರು ಗೆದ್ದಂಗ" ಅಂದಳು. ಬದುಕಿನ ನಿಯಮವೂ ಅದೇ ಅಲ್ಲವೇ ಎಂದು ನಾನು ತತ್ವಜ್ಞಾನಕ್ಕೆ ಇಳಿಯುವಷ್ಟರಲ್ಲಿ ಚೆಂಡು ಬಿರುಕಿಗೆ ಬಿತ್ತು, ನನ್ನ ಕೈಗೆ ಸೌಟು ಬಂತು.

ಆ ಸಂಜೆಗಳು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿವೆ. ದೂರದಲ್ಲಿ ಕಪ್ಪತಗುಡ್ಡ ನೀಲಿಯಾಗಿ ಮಲಗಿರುತ್ತಿತ್ತು. ಹತ್ತಿಯ ಕಟ್ಟಿಗೆಯ ಮೇಲೆ ಉಳಿದ ಅರಳೆ ಬಿಸಿಲಿಗೆ ಮಿನುಗುತ್ತಿತ್ತು. ನಾನು ಬದುವಿಗೆ ತಲೆಯಿಟ್ಟು ಕಣ್ಣು ಅರೆ ಮುಚ್ಚಿದರೆ ಎದುರಿಗೆ ಆಳೆತ್ತರದ ಜಾಹೀರಾತು ಕಾಣುತ್ತಿತ್ತು: ಗದಗ-ಬೆಟಗೇರಿ ಮಹಿಳಾ ಗಾಲ್ಫ್ ಕಂಪನಿ, ಮುಂಡರಗಿ ಕ್ಯಾಂಪು, ಇಂದು ಕೊನೆಯ ಆಟ. ಮುಂದಿನ ಕ್ಯಾಂಪು ಶಿರಹಟ್ಟಿ, ಅದರ ಮುಂದಿನದು ಲಕ್ಷ್ಮೇಶ್ವರ. ಕಚ್ಚೆ ಸೀರೆಯ ಹೆಂಗಸರು ಚಕ್ಕಡಿಯಲ್ಲಿ ಕೋಲು ಹೇರಿಕೊಂಡು, ಬುತ್ತಿ ಕಟ್ಟಿಕೊಂಡು, ಹಾಡು ಹೇಳುತ್ತ ಊರಿಂದೂರಿಗೆ ಹೋಗುತ್ತಿದ್ದರು. ಅಮೆರಿಕದ ಹೆಂಗಸರೂ ಎದುರಿಂದ ಮೋಟಾರಿನಲ್ಲಿ ಬಂದು, ಚಕ್ಕಡಿಗೆ ದಾರಿ ಬಿಟ್ಟು, ಕೈಬೀಸಿ ಹೋಗುತ್ತಿದ್ದರು. ಅವ್ವ ಬಾಗಿಲಲ್ಲಿ ಕುಳಿತು ಟಿಕೀಟು ಹರಿಯುತ್ತಿದ್ದಳು, ಯಾರನ್ನೂ ಪುಕ್ಕಟೆ ಒಳಗೆ ಬಿಡುತ್ತಿರಲಿಲ್ಲ. ಮಾಲೀಕನ ಕುರ್ಚಿಯಲ್ಲಿ ಮಾತ್ರ, ಯಾವ ಕನಸಿನಲ್ಲೂ ತಪ್ಪದೆ, ನಾನೇ ಇರುತ್ತಿದ್ದೆ.

ಶಾಂತವ್ವನ ಕನಸು ನನ್ನದರಷ್ಟು ದೊಡ್ಡದಾಗಿರಲಿಲ್ಲ. ಒಂದು ದಿನ ಚೆಂಡು ಒರೆಸುತ್ತ ಹೇಳಿದಳು: "ನನಗ ಕಂಪನಿ ಬ್ಯಾಡ್ರಿ. ನಾ ಹೊಡದಿದ್ದು ನೋಡಿ, ಇದು ನಿನ್ನ ಹೊಡತಕ್ಕ ಅಂತ ಯಾರಾರ ಒಂದು ರೂಪಾಯಿ ಕೊಡಬೇಕು. ಒಂದ ರೂಪಾಯಿ. ಸೀರಿ ಕೊಟ್ಟಾರ, ಬಂಗಾರ ಕೊಟ್ಟಾರ, ಅವೆಲ್ಲಾ ಮಗಳು ಅಂತ, ಸೊಸಿ ಅಂತ ಕೊಟ್ಟಿದ್ದು. ನನ್ನ ಕೈಗೆ ಅಂತ ಯಾರೂ ಏನೂ ಕೊಟ್ಟಿಲ್ಲ." ನಾನು ಆಗಲೇ ಕಿಸೆಗೆ ಕೈ ಹಾಕಿದೆ. ಅವಳು ನನ್ನ ಕಡೆ ನೋಡಿದ ನೋಟಕ್ಕೆ ಕೈ ಕಿಸೆಯಲ್ಲೇ ಉಳಿಯಿತು.

ಅವಳ ಆಸೆಗೆ ದೇವರು ಓಗೊಟ್ಟನೋ ಎಂಬಂತೆ, ಮುಂದಿನ ಚಳಿಗಾಲದಲ್ಲಿ ಕಂಪನಿಯ ದೊಡ್ಡ ಅಧಿಕಾರಿಯೊಬ್ಬರು ಮುಂಬಯಿಯಿಂದ ತಪಾಸಣೆಗೆ ಬಂದರು. ಜೊತೆಗೆ ಅವರ ಹೆಂಡತಿ. ನಾವೆಲ್ಲ ಬಾಯಿಸಾಹೇಬರು ಅನ್ನುತ್ತಿದ್ದೆವು. ಬೆಳಗಾವಿಯಲ್ಲಿ ಹುಟ್ಟಿ ಬೆಳೆದವರಾದ್ದರಿಂದ ಕನ್ನಡ ಚೆನ್ನಾಗಿ ಬರುತ್ತಿತ್ತು, ಮುಂಬಯಿಯಲ್ಲಿ ಗಾಲ್ಫ್ ಆಡುವ ರೂಢಿಯೂ ಇತ್ತು. ನಮ್ಮ ಹೆಡ್ ಕ್ಲಾರ್ಕರು ನನ್ನ ಮಾನ ಕಳೆಯುವ ಸದುದ್ದೇಶದಿಂದ, "ಇವರ ಹೇಣ್ತಿ ಹೊಲದಾಗ ಚೆಂಡು ಬಡೀತಾಳ್ರಿ" ಎಂದು ಕಿವಿಗೆ ಹಾಕಿದರು. ಬಾಯಿಸಾಹೇಬರ ಮುಖ ಅರಳಿತು. ಸಾಹೇಬರು ಕೆಲಸದ ಮೇಲೆ ಲಕ್ಷ್ಮೇಶ್ವರಕ್ಕೆ ಹೋಗುವವರಿದ್ದರು. ಇವರು ದಾರಿಯಲ್ಲಿ ಮಾಗಡಿ ಕೆರೆಯ ಹಕ್ಕಿಗಳನ್ನು ನೋಡುವವರು. ಕೆರೆಯ ಅಂಚಿನಲ್ಲಿ ಹಸಿರು ಹುಲ್ಲಿದೆಯಂತೆ, ಅಲ್ಲೇ ಆಡೋಣ, ಶಾಂತವ್ವನನ್ನು ಕರೆದುಕೊಂಡು ಬನ್ನಿ ಎಂದರು. ಆಟದ ಕರಾರನ್ನೂ ಅವರೇ ಹೇಳಿದರು. ಇಬ್ಬರೂ ಒಂದೊಂದು ಹೊಡೆತ. ಹೆಚ್ಚು ದೂರ ಹೋದ ಚೆಂಡು ಗೆದ್ದಂತೆ. ಆದರೆ ಚೆಂಡು ಸಿಗಬೇಕು, ಕಳೆದರೆ ಸೋತಂತೆ. ಗೆದ್ದವರಿಗೆ ಒಂದು ರೂಪಾಯಿ ಬಹುಮಾನ.

"ಒಂದ ರೂಪಾಯಿ ಅಂತ ಅವರ ಹೇಳಿದ್ರು?" ಎಂದು ಶಾಂತವ್ವ ಮತ್ತೆ ಮತ್ತೆ ಕೇಳಿದಳು.

ಹೊರಡುವ ಬೆಳಿಗ್ಗೆ ಅವ್ವ ಚೀಲವನ್ನು ಜಗುಲಿಯ ಮುಂದಿಟ್ಟು ನೀರು ಚಿಮುಕಿಸಿ, ಕೋಲುಗಳಿಗೆ ವಿಭೂತಿ ಹಚ್ಚಿದಳು. ನಮ್ಮಲ್ಲಿ ಮಗ್ಗವಿರಲಿ, ಕೂರಿಗೆಯಿರಲಿ, ಪೂಜೆಯಾಗದೆ ಕೆಲಸಕ್ಕೆ ಇಳಿಯುವುದಿಲ್ಲ. ಶಾಂತವ್ವನ ಚೆಂಡಿಗೆ ಅವ್ವ ಅರಿಷಿಣ ಸವರಿ ನಡುವೆ ಒಂದು ಕುಂಕುಮದ ಬೊಟ್ಟು ಇಟ್ಟಳು. "ನಿನ್ನ ಚೆಂಡು ಯಾವುದಂತ ಗುರುತೂ ಆತು" ಅಂದಳು. ಒಲೆಯ ಕೋಲು ಕಳೆದುಕೊಂಡದ್ದಕ್ಕೆ ವರ್ಷವಿಡೀ ಗೊಣಗಿದವಳು ಅವಳೇ.

ಮಾಗಡಿ ಕೆರೆಯನ್ನು ನಾನು ಅಷ್ಟು ತುಂಬಿದ್ದು ನೋಡಿರಲಿಲ್ಲ. ನೀರಿಗಿಂತ ಹಕ್ಕಿಗಳೇ ಹೆಚ್ಚು ಅನ್ನುವಂತಿತ್ತು. ಹಿಮದ ಬೆಟ್ಟಗಳಾಚೆಯಿಂದ ಬರುವ, ತಲೆಯ ಮೇಲೆ ಕಪ್ಪು ಪಟ್ಟೆಯಿರುವ ದೊಡ್ಡ ಬಾತುಗಳು. ಒಂದು ಹಿಂಡು ನೀರಲ್ಲಿ, ಇನ್ನೊಂದು ಏರಿಯಾಚೆ ಕಡಲೆ ಹೊಲದಲ್ಲಿ. ಕಡಲೆ ಕಾಯಲು ಕುಳಿತ ಮುದುಕಿ ಫಕೀರವ್ವ, ಹಕ್ಕಿಗಳು ತಿನ್ನುವುದನ್ನು ಸುಮ್ಮನೆ ನೋಡುತ್ತಿದ್ದಳು. ಓಡಿಸುವುದಿಲ್ಲವೇ ಎಂದು ಕೇಳಿದೆ.

"ತವರಿಗೆ ಬಂದ ಹೆಣಮಕ್ಕಳು ಉಣ್ಣಾಕತ್ತಾಗ ಎಬ್ಬಸ್ತಾರೇನೋ ತಮ್ಮಾ?" ಅಂದಳು. ನಮ್ಮ ಕೈಗೆ ಹಸಿ ಕಡಲೆ ಗಿಡ ಕೊಟ್ಟು, ತನ್ನ ದುಃಖವನ್ನೂ ಹೇಳಿದಳು. "ವರ್ಷಾ ಬರತಾವು, ಉಂಡು ತಿಂದು ಮೈ ತುಂಬಿಕೊಂಡು ಹೋಗತಾವು. ಆದ್ರ ತತ್ತಿ ಮಾತ್ರ ಇಲ್ಲಿ ಇಡಂಗಿಲ್ಲ. ಬಾಣಂತನಕ್ಕ ತವರು ಬಿಟ್ಟು ಯಾರಾರ ಬ್ಯಾರೆ ಕಡೆ ಹೋಗತಾರ? ನಾ ನಾಕು ಹೆಣಮಕ್ಕಳ ಬಾಣಂತನ ಮಾಡೀನಿ, ಯಾರಿಗೂ ಕಡಿಮಿ ಮಾಡಿಲ್ಲ. ಈ ಹಕ್ಕಿಗಳಿಗೆ ನಮ್ಮ ಊರಾಗ ಏನು ಕಡಿಮಿ ಕಂಡೈತೋ." ಇದನ್ನು ಅವಳು ಬೀಗರ ಮೇಲೆ ದೂರು ಹೇಳುವ ದನಿಯಲ್ಲಿ ಹೇಳಿದಳು. ಶಾಂತವ್ವ ಅವಳ ಮುಖವನ್ನೇ ನೋಡುತ್ತ ಕಡಲೆ ಸುಲಿಯುವುದನ್ನು ಮರೆತಳು.

ಬಾಯಿಸಾಹೇಬರ ಜೀಪು ಬಂತು. ನೀರಿಗೆ ಬೆನ್ನು ಮಾಡಿ, ಬಯಲಿನ ಕಡೆ ಮುಖ ಮಾಡಿ ಹೊಡೆಯುವುದೆಂದು ಮಾತಾಯಿತು. ಬಾಯಿಸಾಹೇಬರು ನಮ್ಮ ಚೀಲದಿಂದಲೇ ಕೋಲು ಆರಿಸಿಕೊಂಡು, ಶಾಸ್ತ್ರೋಕ್ತವಾಗಿ ನಿಂತು, ಇನ್ನೊಂದು ಚೆಂಡನ್ನು ಹೊಡೆದರು. ಅದು ಹುಲ್ಲಿನ ಮೇಲೆ ನೆಟ್ಟಗೆ ಹೋಗಿ ದೂರದ ಜಾಲಿಗಿಡದ ಬುಡದಲ್ಲಿ ನಿಂತಿತು. ಶಾಂತವ್ವ ಚೆಂಡಿನ ಕುಂಕುಮ ಮೇಲೆ ಬರುವ ಹಾಗೆ ಇಟ್ಟಳು. ಕಚ್ಚೆ ಬಿಗಿದಳು. ನಾನು ಚೀಲವನ್ನು ಅಪ್ಪಿಕೊಂಡು ನಿಂತಿದ್ದೆ. ಠಕ್ ಎಂದಿತು. ಚೆಂಡು ಜಾಲಿಗಿಡ ದಾಟಿತು, ಏರಿ ದಾಟಿತು, ಕಣ್ಣಿಗೆ ಕಾಣದಾಯಿತು. ಏರಿಯಾಚೆ ಬಾತುಗಳ ಹಿಂಡೊಂದು ಒಟ್ಟಿಗೆ ಮೇಲೆದ್ದು, ನಮ್ಮ ತಲೆಯ ಮೇಲೆ ಒಂದು ಸುತ್ತು ಹಾಕಿ, ಕೆರೆಗೆ ಇಳಿಯಿತು.

"ವಾ, ಶಾಂತಾಬಾಯಿ" ಎಂದು ಬಾಯಿಸಾಹೇಬರು ಮನಸಾರೆ ಹೇಳಿದರು. "ಹೋಗ್ರಿ, ಹುಡುಕಿ ತರ್ರಿ. ರೂಪಾಯಿ ನಿಮ್ಮದ."

ಹೊಸ ಬೆಳ್ಳಿಯಂತೆ ಹೊಳೆಯುವ ನಾಣ್ಯ ಆಗಲೇ ಅವರ ಅಂಗೈ ಮೇಲಿತ್ತು. ನಾನೂ ಶಾಂತವ್ವನೂ ಏರಿ ಹತ್ತಿ ಕಡಲೆ ಹೊಲಕ್ಕೆ ಇಳಿದೆವು. ಅಲ್ಲಿ ಫಕೀರವ್ವ ಹೊಲದ ನಡುವೆ ಮಂಡಿಯೂರಿ ಕುಳಿತಿದ್ದಳು. ಸೆರಗಿನಲ್ಲಿ ಏನನ್ನೋ ಬಚ್ಚಿಟ್ಟುಕೊಂಡಿದ್ದಳು. ನಮ್ಮನ್ನು ಕಂಡು ಅವಳ ಕಣ್ಣಲ್ಲಿ ನೀರು ಬಂತು.

"ಬಾರ ಯವ್ವಾ, ನೋಡಬಾ. ಇಟ್ಟೈತಿ. ಹಕ್ಕಿ ಎದ್ದು ಹೋದ ಜಾಗಾದಾಗ ಇಟ್ಟೈತಿ."

ಸೆರಗು ಬಿಚ್ಚಿದಳು. ನಮ್ಮ ಚೆಂಡು. ಬಿಸಿಲಿಗೆ ಬೆಚ್ಚಗಾಗಿತ್ತು. "ಬಿಸಿ ಐತಿ ನೋಡು, ಈಗಷ್ಟ ಇಟ್ಟಿದ್ದು" ಅಂದಳು. ಬೆರಳಿನಿಂದ ಅದರ ಮೈಮೇಲಿನ ಸಣ್ಣ ಸಣ್ಣ ಕುಳಿಗಳನ್ನು ಸವರಿ, "ಸಿಡುಬು ಎದ್ದಂಗ ಐತಿ ಪಾಪ. ದೂರದ ದೇಶದ್ದು, ಅವರ ಕಡೆ ತತ್ತಿ ಹಂಗ ಇರತಾವೇನೋ" ಅಂದಳು. ಆಮೇಲೆ ಕುಂಕುಮದ ಬೊಟ್ಟು ತೋರಿಸಿ ಅವಳ ದನಿ ಇಳಿಯಿತು. "ಅರಿಷಿಣ ಕುಂಕುಮ ಹಚಗೊಂಡ ಬಂದೈತ್ಯವ್ವಾ. ನಮ್ಮ ಊರನ್ನ ತವರು ಅಂತ ಒಪ್ಪಿಕೊಂಡಾವು." ಆ ಬೊಟ್ಟಿನ ನಂತರ ಅವಳಿಗೆ ಯಾವ ಸಂಶಯವೂ ಉಳಿದಿರಲಿಲ್ಲ. ನನಗೇ ಅರೆಗಳಿಗೆ, ಅದು ತತ್ತಿಯೇ ಇದ್ದರೂ ಇರಬಹುದು ಅನಿಸಿತು.

ನಾನು ಬಾಯಿ ತೆರೆದೆ. ಶಾಂತವ್ವ ನನ್ನ ಕಾಲು ತುಳಿದಳು. ಏರಿಯಾಚೆ ಅವಳ ರೂಪಾಯಿ ಕಾಯುತ್ತಿತ್ತು. ಈಚೆ ಮುದುಕಿಯ ಸೆರಗಿನಲ್ಲಿ ಅವಳ ಹೊಡೆತ ಬೆಚ್ಚಗೆ ಮಲಗಿತ್ತು. ಅವಳು ಒಮ್ಮೆ ಏರಿಯ ಕಡೆ ನೋಡಿದಳು, ಒಮ್ಮೆ ಸೆರಗಿನ ಕಡೆ. ಮುಂಡರಗಿಯ ನೀರೊಲೆಯ ಕತೆ ಹೇಳುವಾಗ ನಕ್ಕ ಹಾಗೆಯೇ ಸಣ್ಣಗೆ ನಕ್ಕಳು. ಆ ನಗೆ ಏನೆಂದು ನನಗೆ ಅಂದು ತಿಳಿಯಿತು.

"ಗಾಳಿಗೆ ಇಡಬ್ಯಾಡ ಆಯಿ" ಅಂದಳು. "ಕಾವಿಗೆ ಕೂಡಸು."

ಹೊಲದಂಚಿನಲ್ಲೇ ಫಕೀರವ್ವನ ಮನೆ. ಬುಟ್ಟಿಯಲ್ಲಿ ಹುಲ್ಲು ಹಾಸಿ ಚೆಂಡಿಟ್ಟು, ಕಾವಿಗೆ ಬಂದ ಕೋಳಿಯೊಂದನ್ನು ಅದರ ಮೇಲೆ ಕೂಡಿಸಿದ್ದಾಯಿತು. ಕೋಳಿ ಒಮ್ಮೆ ಮೈ ಸರಿಮಾಡಿಕೊಂಡು, ನನ್ನನ್ನು ಅನುಮಾನದಿಂದ ನೋಡಿ, ಕುಳಿತುಕೊಂಡಿತು. ಬಾಣಂತಿಯನ್ನು ನೋಡಲು ಮೊದಲು ಬಂದ ಮುತ್ತೈದೆ ನೀನು, ಬರಿಗೈಲಿ ಹೋಗಬಾರದು ಎಂದು ಫಕೀರವ್ವ ಶಾಂತವ್ವನಿಗೆ ಉಡಿ ತುಂಬಿದಳು. ಜೋಳ, ಬೆಲ್ಲದ ಚೂರು, ಒಂದು ಕೊಬ್ಬರಿ ಬಟ್ಟಲು.

"ಸಿಕ್ತೇನ್ರಿ?" ಬಾಯಿಸಾಹೇಬರು ಏರಿಯ ಕೆಳಗಿಂದಲೇ ಕೇಳಿದರು.

"ಇಲ್ರಿ. ಕಳೀತು" ಅಂದಳು ಶಾಂತವ್ವ.

ಅವರಿಗೆ ನಮಗಿಂತ ಹೆಚ್ಚು ಬೇಸರವಾಯಿತು. ಇರಲಿ, ಹೊಡೆತ ನಾನು ಕಣ್ಣಾರೆ ಕಂಡಿದ್ದೇನೆ, ತಗೊಳ್ಳಿ ಎಂದು ನಾಣ್ಯ ಮುಂದೆ ಮಾಡಿದರು. "ಸೋತವರು ತಗೋಬಾರದ್ರಿ. ಆಟ ಅಂದ್ರ ಆಟ" ಎಂದು ಶಾಂತವ್ವ ಕೈ ಹಿಂದೆ ಕಟ್ಟಿಕೊಂಡಳು. ಜೀಪು ಲಕ್ಷ್ಮೇಶ್ವರದ ಕಡೆ ಹೋಯಿತು. ನಾವು ಗದಗಿನ ಬಸ್ಸು ಹಿಡಿಯಲು ರಸ್ತೆಯ ಕಡೆ ನಡೆದೆವು. ಅವಳು ಉಡಿ ಹಿಡಿದುಕೊಂಡು ಮುಂದೆ, ನಾನು ಚೀಲ ಹೊತ್ತುಕೊಂಡು ಹಿಂದೆ. ತಲೆಯ ಮೇಲೆ ಬಾತುಗಳ ಸಾಲು ಮತ್ತೆ ಕಡಲೆ ಹೊಲಕ್ಕೆ ಹೊರಟಿತ್ತು.

ನನಗೆ ತಡೆಯಲಾಗಲಿಲ್ಲ. "ಏ ಶಾಂತಾ, ಆ ರೂಪಾಯಿ ನಾನ ಕೊಡತೀನಿ" ಅಂದೆ.

"ನೀವು ಕೊಟ್ರ ಅದು ಸಂಸಾರ ಆಕ್ಕೈತ್ರಿ, ಬಹುಮಾನ ಅಲ್ಲ."

ಸ್ವಲ್ಪ ದೂರ ಹೋದ ಮೇಲೆ ಅವಳೇ ನಿಂತು, ತಿರುಗಿ ನೋಡಿದಳು. ನಾನು ಚೀಲದ ಪಟ್ಟಿಯನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಿಸುತ್ತ ಏದುಸಿರು ಬಿಡುತ್ತಿದ್ದೆ.

"ಆ ಅಮೆರಿಕದ ಹೆಣಮಕ್ಕಳ ಚೀಲಾ ಯಾರು ಹೊರತಾರ್ರಿ?"

"ಅದಕ್ಕಂತ ಆಳು ಇರತಾರ" ಎಂದೆ.

"ಅವರಿಗೆ ಪಗಾರ ಕೊಡತಾರ?"

"ಕೊಡತಾರ. ಆಡೂ ಹೆಣಮಕ್ಕಳ ಕೊಡತಾರ."

ಶಾಂತವ್ವ ದಾರಿಯ ಬದಿಯ ಕಲ್ಲಿನ ಮೇಲೆ ಕುಳಿತಳು. ಉಡಿಯಿಂದ ಕೊಬ್ಬರಿ ಬಟ್ಟಲು ತೆಗೆದು, ಕಲ್ಲಿಗೆ ಕುಟ್ಟಿ ಎರಡು ಹೋಳು ಮಾಡಿದಳು. ಒಂದನ್ನು ತಾನು ಇಟ್ಟುಕೊಂಡು, ಇನ್ನೊಂದನ್ನು, ಹಬ್ಬಕ್ಕೆ ಆಳಿಗೆ ಕೊಡುವ ಗತ್ತಿನಲ್ಲಿ, ನನ್ನ ಕಡೆ ಚಾಚಿದಳು.

"ತಗೋರಿ. ಇದು ನಿಮ್ಮ ಪಗಾರ. ಗಂಡ ಅಂತ ಅಲ್ಲ, ಹೊತ್ತಿದ್ದಕ್ಕ."

ಎರಡೂ ಕೈ ಚಾಚಿ ತೆಗೆದುಕೊಂಡೆ. ಆ ಕೊಬ್ಬರಿಯಷ್ಟು ಸಿಹಿಯಾದದ್ದನ್ನು ನಾನು ತಿಂದಿಲ್ಲ. ಮುಂದೆ ನಾಡು ಒಂದಾಯಿತು, ಕಂಪನಿಯ ಹೆಸರಿನ ಹಲಗೆ ಬದಲಾಯಿತು, ನನ್ನ ಅಂಗಿಯ ಗುಂಡಿಗಳು ಮಾತ್ರ ಒಂದಾಗಲಿಲ್ಲ. ಒಲೆಯ ಕೋಲು ಅವ್ವನ ಕೈಗೆ ಮರಳಿತು. ಮಾಗಡಿಯ ಕಡೆಯಿಂದ ಬಂದವರು ಹೇಳುತ್ತಾರೆ, ಮರಿ ಇನ್ನೂ ಆಗಿಲ್ಲವಂತೆ, ದೂರದ ತತ್ತಿ, ವೇಳೆ ಹಿಡಿಯುತ್ತದೆ ಎಂದು ಫಕೀರವ್ವ ಕೋಳಿ ಬದಲಿಸುತ್ತಿದ್ದಾಳಂತೆ. ಕಟ್ಟೆಯ ಮೇಲೆ ಕುಳಿತಾಗ ಗೆಳೆಯರು ತಮ್ಮ ತಮ್ಮ ದೊಡ್ಡಸ್ತಿಕೆ ಹೇಳಿಕೊಳ್ಳುತ್ತಾರೆ. ಮಾಲೀಕನ ಕುರ್ಚಿಯ ಕನಸು ಕಂಡವನು ನಾನು. ಆದರೆ ನಮ್ಮ ಸೀಮೆಯಲ್ಲಿ ಗಾಲ್ಫ್ ಆಟದಿಂದ ಪಗಾರ ಪಡೆದ ವೃತ್ತಿನಿರತ ಯಾರಾದರೂ ಇದ್ದರೆ ಅದು ನಾನೇ. ಹೊಡೆದವಳು ಇನ್ನೂ ಹವ್ಯಾಸಿ.